ಅರ್ಧ ಸುತ್ತು

ಮೊದಲದು ಜನರೇಟರ್ ಹೊರೋ ಟ್ರೇಲರ್,
ತೊಗರಿಬ್ಯಾಳಿ ಮಿಲ್ಲಿನ ಹಿಂದ ಜಾಲಿಮುಳ್ಳಿನಾಗ ಬಿದ್ದಿತ್ತು.
ಚಾಂದಪಾಶಾ ಅದಕ್ಕ ತಗಡಿನ ಗ್ವಾಡಿ ಕೂಡಿಸಿದ,
ಮಡಚೋ ಮಂಚ ಒಂದು, ಗ್ಯಾಸಿನ ಒಲಿಗಿ ಕಟ್ಟಿ,
ಕಿಟಕಿಗಿ ಹಳೇ ಬಸ್ಸಿನ ಜಾರೋ ಗಾಜು.
ಅದರ ಮ್ಯಾಲ ಇನ್ನೂ ‘ಮಹಿಳೆಯರಿಗೆ’ ಅಂತ ಇತ್ತು.
ನಾನು ಅಳಿಸಗೊಡಲಿಲ್ಲ.

ಹತ್ತೊಂಬತ್ತು ವರ್ಷ ಎಂಟನೆತ್ತೆ ಮಕ್ಕಳಿಗಿ
ಕೋಲಿನ ತುದಿಲೇ ಮರುಭೂಮಿ ಕಲಿಸೀನಿ:
ಇದು ಥಾರ್, ಇದು ಸಹಾರಾ, ಇದು ಗೋಬಿ.
ನಕಾಶೆದಾಗ ಎಲ್ಲಾ ಒಂದೇ ಹಳದಿ,
ಒಂದೂ ನನ್ನ ಕಾಲಿಗಿ ಹತ್ತಿದ್ದಲ್ಲ.
ಸಾಲಿ ರಜಾ ಬಿಟ್ಟ ದಿನ ಸಿದ್ರಾಮಗ ಅಂದೆ,
ಅಷ್ಟು ದೂರ ಬ್ಯಾಡ. ಜೀಪು ಎಳದಷ್ಟು ದೂರ.
ಅವ ಕೇಳಿದ್ದು ಒಂದೇ ಮಾತು:
ನೀರು ಎಷ್ಟು?

ಅವ ಹೊಡಿಯೋದು ಕಲಬುರಗಿಯ ನೀರಿನ ಟ್ಯಾಂಕರ್,
ಓಣಿ ಓಣಿಗಿ ಕೊಡಾ ಎಣಿಸಿ ಬಿಡೋ ಮನಷ್ಯಾ.
ಇನ್ನೂರು ಲೀಟರಿನ ನೀಲಿ ಡ್ರಮ್ಮು ಬಿಗದ,
ಕೆಳಗ ಹಿತ್ತಾಳಿ ನಳ.
ಬೆರಳಿನ ಗೆಣ್ಣಿಲೇ ಬಡದು
ಎಷ್ಟದ ಅಂತ ಹೇಳ್ತಾನ,
ಹಲಗಿ ಬಾರಿಸೋರು ಹದ ನೋಡಿದಂಗ.

ಮಹಾಗಾಂವ ಕ್ರಾಸಿನಾಗ ಮಂದಿ ಸುತ್ತಗಟ್ಟಿದ್ರು:
ಐಸ್‌ಕ್ರೀಮ್ ಎಷ್ಟಕ್ಕ ಕೊಡ್ತೀರಿ?
ಒಬ್ಬ ಮುದುಕಿ, ಕಣ್ಣಿನ ದವಾಖಾನಿ ಗಾಡಿ ಅಂತ ತಿಳದು,
ಸೀದಾ ಒಳಗ ಬಂದು ಮಂಚದ ಮ್ಯಾಲ ಕುಂತಳು,
ರೆಪ್ಪಿ ಎತ್ತಿ ತೋರಿಸಿದಳು.
ನೋಡಿದೆ. ಏನು ಮಾಡಲಿ?
ತಣ್ಣೀರಿಲೇ ತೊಳದು ಕಳಿಸಿದೆ.
ಒಂದು ಚರಗಿ, ಅಂದ ಸಿದ್ರಾಮ.

ಚಿಂಚೋಳಿ ಕಾಡು ಏಪ್ರಿಲ್‌ನಾಗ ಕಾಡಲ್ಲ,
ಕಾಡಿನ ಎಲುಬು.
ಕೆಂಪು ಜಂಬಿಟಗಿ ಕಲ್ಲು ರಾತ್ರಿ ಹತ್ತಕ್ಕೂ ಕಾವು ಬಿಡತದ,
ರೊಟ್ಟಿ ತಗದ ಮ್ಯಾಲ ಹಂಚು ಇರ್ತದಲ್ಲ, ಹಂಗ.
ಗಾರ್ಡ್ ಖೀರು ರಾಠೋಡ ಒಳಗ ಬಿಡಲಿಲ್ಲ.
‘ರಾತ್ರಿ ಇರೋ ಹಂಗಿಲ್ಲ ಬಾಯಿ, ಗೇಟಿನ ಹೊರಗ ಹಚ್ಚರಿ.’
ಹೊರಗೇ ಹಚ್ಚಿದಿವಿ.
ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ.
ಚಿಕ್ಕಿ ಎಷ್ಟಂದ್ರ, ಯಾರೋ ಜೋಳ ಹಸನ ಮಾಡಲಕತ್ತು
ಮರಾನೇ ಚೆಲ್ಲಿಬಿಟ್ಟಂಗ.

ನಡುರಾತ್ರಿ ಟಪ್. ತಡದು, ಟಪ್.
ನಿದ್ದಿಗಣ್ಣಿಲೇ ಎದ್ದ: ನಳಾ ಯಾರು ಬಿಟ್ಟಿದ್ದು?
ನಾನಲ್ಲ, ಅಂದೆ. ನಾನೇ ಇದ್ದೆ, ಭಾಂಡಿ ತೊಳದಾಕಿ.
ಜಗಳಾ ಶುರು ಆತು.
ಟ್ಯಾಂಕರಿನದು, ಸಂಬಳದ್ದು,
ಎಂದೋ ನಮ್ಮವ್ವ ಬಂದಾಗಿಂದು,
ಎಲ್ಲಾ ಆ ಹನಿ ಸಂಗಟ ಸೋರಿದವು.
ಬ್ಯಾಟರಿ ಹಿಡದು ಇಳಿಯೋನು ಕಿಟಕಿ ಹತ್ರ ನಿಂತ,
ಕೈ ಸನ್ನಿ ಮಾಡಿದ.
ಕೆಳಗ ಏನೋ ಕುಡಿಲಕತ್ತಿತ್ತು.
ಮೈ ಕಾಣಲಿಲ್ಲ, ನಾಲಿಗಿ ಸಪ್ಪಳ ಅಷ್ಟೇ,
ಲಪ ಲಪ, ನಿಂತು, ಲಪ.
‘ಮಹಿಳೆಯರಿಗೆ’ ಅನ್ನೋ ಗಾಜಿಗಿ ಮೂಗು ಹಚ್ಚಿ
ಇಬ್ಬರೂ ಉಸಿರು ಹಿಡದಿವಿ.

ಮುಂಜಾನಿ ಖೀರು ಕುಕ್ಕರಗಾಲಿಲೇ ಕುಂತು ಓದಿದ,
ನಾನು ಹಾಜರಿ ಕರದಂಗ:
ಮೊಲ. ಮುಂಗಲಿ. ಬೆಳವ, ಮೂರು.
ಇದು ನರಿ, ಮರಿ ಇದ್ದಾಕಿ, ಸಣ್ಣ ಹೆಜ್ಜಿ ನೋಡ್ರಿ.
ಇದು… ಸುಮ್ಮಾದ. ಇದು ನನಗೂ ಗೊತ್ತಿಲ್ಲರಿ.
ಪರಾತಿನಷ್ಟು ಹಸಿ ಮಣ್ಣು.
ನನ್ನ ನಕಾಶೆದ ಹಳದಿಯಾಗ ಇಷ್ಟು ಮಂದಿ ಇದ್ದದ್ದು
ಯಾವ ಪರೀಕ್ಷಾದಾಗೂ ನಾನು ಕೇಳಿದ್ದಿಲ್ಲ.

ಸಿದ್ರಾಮ ಪಾನಾ ತಂದ. ನಳಾ ಬಿಗದ. ಹನಿ ನಿಂತಿತು.
ಡ್ರಮ್ಮು ಬಡದು ನೋಡಿದ. ಕಾಡಿನ ಕಡಿ ನೋಡಿದ.
ಮತ್ತ ಕೈ ಹಚ್ಚಿ ಅರ್ಧ ಸುತ್ತು ಹಿಂದಕ ತಿರುವಿದ.
ಅವ ಹೇಳಲಿಲ್ಲ. ನಾನೂ ನೋಡಲಾರದಂಗ ಚಾ ಕಾಸಿದೆ.
ಇನ್ನೊಂದು ದಿನ ಅಲ್ಲೇ ಇದ್ದಿವಿ.

ಯಾದಗಿರಿ ಮುಟ್ಟೋದ್ರಾಗ ಡ್ರಮ್ಮು ಖಾಲಿ.
ಒಂದರ ಮ್ಯಾಲ ಒಂದು ಬಂಡಿ ಪೇರಿಸಿದ ಗುಡ್ಡದ ಬುಡಕ
ಇಪ್ಪತ್ತು ರೂಪಾಯಿಗೊಂದು ಬಾಟಲಿ, ಆರು ತಗೊಂಡಿವಿ.
ನಾಲವಾರ ತನಕ ಗೊಣಗಿದ.
ಬಾಟಲಿ ತಳದಾಗ ಉಳದದ್ದು ಮಾತ್ರ,
ಗಾಡಿ ನಿಂತ ನಿಂತ ಕಡಿ,
ಕಿಟಕಿಲಿಂದ ಕೈ ಹಾಕಿ ನೆಲಕ್ಕ ಸುರುವಿದ.