ಬಂತು, ಹೋಯ್ತು

ಚೇಳು ನೆತ್ತಿ ದಾಟುವ ಹೊತ್ತಿಗೆ ಸರಿಯಾಗಿ
ಕೈಕೊಡುತ್ತದೆ ದುರ್ಬೀನು.
ಮೂರು ರಾತ್ರಿಯಿಂದ ಹೀಗೇ.
ಕೂನಬಾರಬ್ರನ್ನಿನ ಗುಡ್ಡದ ಮೇಲೆ ಅದು,
ಜೀಲಾಂಗಿನ ಅಡುಗೆಮನೆಯಲ್ಲಿ ನಾನು,
ನಡುವೆ ಸಾವಿರ ಕಿಲೋಮೀಟರು
ಮತ್ತು ಕೆಂಪಕ್ಷರದ ಒಂದು ಸಾಲು:
ಮೌಂಟ್ ಸಿಗುತ್ತಿಲ್ಲ.

ಪೋರ್ಟು ಬದಲಿಸಿದೆ. ಆರಿಸಿ ಹಚ್ಚಿದೆ.
ನಮ್ಮೂರ ಲೈನ್‌ಮನ್ನನ ಹಾಗೆ
ಬೈದು ಇನ್ನೊಮ್ಮೆ ಹಚ್ಚಿದೆ.
ಪೂರ್ವಕ್ಕೆ ಮುಖ ಮಾಡಿದಷ್ಟು ಹೊತ್ತೂ ಸಾಧು.
ಪಶ್ಚಿಮಕ್ಕೆ ಹೊರಳಿತೋ
ಹನ್ನೆರಡೂವರೆ ವೋಲ್ಟು ಹತ್ತಕ್ಕಿಳಿದು
ಕ್ಯಾಮೆರಾ, ಫೋಕಸರು, ಹಬ್ಬು
ಒಂದರ ಹಿಂದೊಂದು ಕಣ್ಣು ಮುಚ್ಚುತ್ತವೆ.

ಕೊನೆಗೆ ನೆವಿಲ್‌ನನ್ನು ಎಬ್ಬಿಸಿದೆ.
ಎಪ್ಪತ್ತೊಂದರ ಮುದುಕ,
ಉಣ್ಣೆ ಕತ್ತರಿಸುವ ಷೆಡ್ಡುಗಳಿಗೆ ವೈರೆಳೆದು
ಬೆರಳು ಸವೆಸಿದವನು.
ಮುಖ ಕಂಡಿಲ್ಲ ನಾನು. ಕೆಮ್ಮು ಗೊತ್ತು.
ಪಿಕಪ್ಪಿನ ಬಾಗಿಲು, ಜಲ್ಲಿಯ ಮೇಲೆ ಬೂಟು;
ಮೈನಸ್ ಎರಡು ಇಲ್ಲಿ, ಅಂದ,
ಕೆಂಪು ಟಾರ್ಚು ಹಲ್ಲಲ್ಲಿ ಕಚ್ಚಿ
ಅರ್ಧ ಮಾತು ನುಂಗುತ್ತ.

ಹಬ್ಬಿನ ಬಳಿ ಅಲುಗಿಸಿದ. ಏನಿಲ್ಲ.
ಪ್ಲಗ್ಗು ಕಿತ್ತು, ಊದಿ, ಒತ್ತಿದ. ಏನಿಲ್ಲ.
ಒಂದು ಜೇಡ ಸಿಕ್ಕಿತು; ಅದರದೇನೂ ತಪ್ಪಿರಲಿಲ್ಲ.
"ಗೇಣು ಗೇಣಾಗಿ ಹಿಡಿದು ಬರುತ್ತೇನೆ,
ನೀನು ಪರದೆ ನೋಡಿ ಹೇಳು."

ಗೇಣು. ಇಲ್ಲ. ಗೇಣು. ಇಲ್ಲ.
ಅಕ್ಷ ತಿರುಗುವ ಸಂದಿಯಲ್ಲಿ ಬಗ್ಗಿಸಿದನೋ ಏನೋ
ಪರದೆಗೆ ಜೀವ.
"ಬಂತು!" ಅಂತ ಕೂಗಿಬಿಟ್ಟೆ, ಕನ್ನಡದಲ್ಲಿ,
ಕತ್ತಲಲ್ಲಿ ಇಡೀ ಕೇರಿ ಕೂಗುತ್ತಿದ್ದ ಹಾಗೆ.
ಬೆರಳು ಸಡಿಲಿಸಿದ.
"ಹೋಯ್ತು."
ಏನೆಂದು ಅವನು ಕೇಳಲಿಲ್ಲ.
ಒತ್ತಿದ: ಬಂತು. ಬಿಟ್ಟ: ಹೋಯ್ತು.
ಆಮೇಲೆ ತಾನೇ, ಕೆಮ್ಮಿನ ನಡುವೆ,
"ಬಂಟು?"
"ಬಂತು ನೆವಿಲ್, ಬಂತು."

ಚಾಕುವಿನಲ್ಲಿ ಸೀಳಿ ನೋಡಿದ.
ಮೇಲೆ ರಬ್ಬರು ಹೊಚ್ಚಹೊಸದು, ಒಂದು ಗೀರಿಲ್ಲ.
ಒಳಗೆ ತಾಮ್ರದ ಎಳೆಗಳು ಮುರಿದು
ಮೂರೇ ಮೂರು ಹಿಡಿದುಕೊಂಡಿದ್ದವಂತೆ,
ಚಳಿಗೆ ವೈರು ಸೆಟೆದಾಗ ಅವೂ ಕೈಬಿಡುತ್ತ.
ಯಾವನು ಇಷ್ಟು ಬಿಗಿದು ಕಟ್ಟಿದ್ದು, ಅಂದ.
ಕೊರಿಯರ್‌ಗೆ ಕೊಡುವ ಮುಂಚೆ
ಇದೇ ಮೇಜಿನ ಮೇಲೆ, ನೀಟಾಗಿ ಕಾಣಲೆಂದು
ಎಳೆದೆಳೆದು ಕಟ್ಟಿದ ಕೈ
ಈಗ ಚಹಾ ಲೋಟ ಹಿಡಿದಿತ್ತು.
ಗೊತ್ತಿಲ್ಲ, ಅಂದೆ.

ಬೆಸುಗೆ ಹಾಕಿ, ಮೊಳ ಸಡಿಲು ಬಿಟ್ಟು,
ತೊಟ್ಟಿಲ ಹಗ್ಗದಂತೆ ಇಳಿಬಿಟ್ಟು ಹೊರಟ.
ನಾಲ್ಕಕ್ಕೆ ಚೇಳು ಪಡುವಣಕ್ಕೆ ವಾಲಿತ್ತು.
ಎಂಟು ಫೋಟೊ ದಕ್ಕಿದವು, ಕೊನೆಯದರಲ್ಲಿ ಮೋಡ.

ಬೆಳಗಾಗುತ್ತ ಅವನ ಬಿಲ್ಲು ಬಂತು:
ವೈರು ಒಂದೂವರೆ ಮೀಟರು, ಕೆಲಸ ಎರಡು ತಾಸು.
ಕೆಳಗೆ, ಇಂಗ್ಲಿಷಕ್ಷರದಲ್ಲಿ, ಹೋಯ್ಟು?

ಅವನಿಗಿನ್ನೂ ಬಾರದ ಪದವೊಂದನ್ನು
ಟೈಪು ಮಾಡಿ ಕಳಿಸಿದೆ:
ಇದೆ.