ಹತ್ತು ಗೆರೆ ನೀರು

ರವಿವಾರ ಡೇರಿಯಲ್ಲಿ ಒಂದೇ ಪಾಳಿ.
ಲ್ಯಾಕ್ಟೋಮೀಟರ್ ಒರೆಸಿಟ್ಟು, ಕೈಯ ಹಾಲಿನ ವಾಸನೆ ತೊಳೆದು
ಭಾಲ್ಕಿಯ ಗಂಜಿನ ಹಿಂದಿನ ತಗಡಿನ ಶೆಡ್ಡಿಗೆ ಬರುತ್ತೇನೆ.
ಅಲ್ಲಿ ನನ್ನ ಕೆಲಸ ಇಷ್ಟೇ:
ಉದ್ದ ವೈರಿನ ತುದಿಯ ಮೀಟರು ತೊಡೆಯ ಮೇಲಿಟ್ಟುಕೊಂಡು
ಒಂದು ಅಂಕಿ ನೋಡುತ್ತ ಕೂಡುವುದು.

ವೈರಿನ ಆಚೆ ಎಂಜಿನ್ನು,
ಒಂದು ಕಾಲಕ್ಕೆ ಹುಮನಾಬಾದಿನ ಡಾಕ್ಟರರ ಮಾರುತಿ ವ್ಯಾನಿನದು.
ಮುಂದೆ ಝರೆಪ್ಪ ಕಾಕಾ ತಾನೇ ಕೆತ್ತಿದ ಸಾಗುವಾನಿ ಪಂಖ,
ಹಿಂದೆ ಅಲ್ಯೂಮಿನಿಯಂ ಕೊಳವೆ, ಮಹಬೂಬಿ ಹೊಲಿದ ಬಟ್ಟೆಯ ರೆಕ್ಕೆ;
ಅಂಚಿಗೆ ಬುರ್ಖಾದ ಹೊಲಿಗೆಯನ್ನೇ ಹಾಕಿದ್ದಾಳೆ, ಎರಡೆರಡು ಸಲ.
ಬಾಲಕ್ಕೆ ಹಗ್ಗ. ಹಗ್ಗದ ತುದಿಗೆ ಬೇವಿನ ಮರ.
ಹಾರಲು ದಿಲ್ಲಿಯಿಂದ ಕಾಗದ ಬರಬೇಕು.
ಬರುವ ತನಕ ಮರ ಬಿಟ್ಟುಕೊಡುವಷ್ಟೇ ದೂರ.

ಹೊಗೆಕೊಳವೆಯೊಳಗೆ ಬೆರಳುದ್ದದ ಸೆನ್ಸರು
ಬೆಂಕಿಯನ್ನು ಮೂಸಿ ಹೇಳುತ್ತದೆ,
ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ.
ಪೂರ್ತಿ ಥ್ರಾಟಲ್ಲಿಗೆ ಹದಿಮೂರಿದ್ದರೆ ಉಂಡ ಎತ್ತಿನ ನಡಿಗೆ.
ಹನ್ನೊಂದಕ್ಕಿಳಿದರೆ ಹೊಟ್ಟೆ ಭಾರ,
ಪ್ಲಗ್ಗಿನ ಮೇಲೆ ಬಿದರಿ ಹೂಜಿಯ ಕಪ್ಪು.
ಹದಿನಾಲ್ಕು ದಾಟಿದರೆ ಏನೆಂದು ಕಾಕಾ ಬಾಯಿಂದ ಹೇಳುವುದಿಲ್ಲ,
ಕಪಾಟಿನ ಪಿಸ್ಟನ್ ತೆಗೆದು ನನ್ನ ಅಂಗೈಯಲ್ಲಿಡುತ್ತಾನೆ.
ನೆತ್ತಿಯಲ್ಲಿ ತೂತು. ಅಂಚು ಬೆಲ್ಲದ ಹಾಗೆ ಕರಗಿದೆ.
"ಹಸಿದ ಎಂಜಿನ್ನು ಮೊದಲು ಚೊಲೋ ಓಡ್ತದ,
ಹಗೂರ. ಅದೇ ಮೋಸ."

ಅವನದು ಮೂವತ್ತು ವರ್ಷದ ಕಿವಿಯ ವಿದ್ಯೆ.
ಬೋರಿನ ಮೋಟಾರು, ಗಾಣ, ಟ್ರ್ಯಾಕ್ಟರು ಯಾವುದಿರಲಿ
ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ ರೋಗ ಹೇಳಿದವನು.
ಎಡಗಿವಿ ಹೋಗಿದೆ, ಬಲದ್ದು ಹೊರಟಿದೆ.
ಅದಕ್ಕೇ ಮೀಟರು. ಅದಕ್ಕೇ ನಾನು.
ಅವನು ಹುಬ್ಬೆತ್ತಿ ಕೇಳುತ್ತಾನೆ, ಎಷ್ಟದ?
ನಾನು ಬೆರಳೆಣಿಸಿ ತೋರಿಸುತ್ತೇನೆ.

ಹಳೆಯ ಕ್ಯಾನಿನ ಪೆಟ್ರೋಲು ಮಾರ್ಚಿಗೆ ತೀರಿತು.
ಎಪ್ರಿಲಿನಲ್ಲಿ ಅಂಕಿ ಹದಿನಾಲ್ಕಕ್ಕೆ ಹತ್ತಿ ಕೂತಿತು, ಇಳಿಯದು.
ಕಾಕಾ ಜೆಟ್ಟು ಊದಿದ. ಫ್ಲೋಟ್ ಬಿಚ್ಚಿದ.
ಗ್ಯಾಸ್ಕೆಟ್ಟಿನ ಸುತ್ತ ಘಾಸಲೇಟ ಹನಿಸಿ ಗಾಳಿಯ ಕಳ್ಳದಾರಿ ಹುಡುಕಿದ.
"ಬಿಸಲು," ಅಂದ, "ಗಾಳಿ ತೆಳ್ಳಗಾಗ್ಯದ."
ಗಾಳಿ ತೆಳ್ಳಗಾದರೆ ಅಂಕಿ ಇಳೀಬೇಕು ಕಾಕಾ, ಏರಬಾರದು.
ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದೆ.
ಓದಿದ. ಬೀಡಿಗೆ ಕೈಹಾಕಿ, ಪೆಟ್ರೋಲು ನೆನಪಾಗಿ, ಕೈ ತೆಗೆದ.

ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದು ನನ್ನ ಹೊಟ್ಟೆಪಾಡು.
ಮುಂದಿನ ರವಿವಾರ ಡೇರಿಯ ನೂರು ಗೆರೆಯ ಗಾಜಿನ ನಳಿಗೆ
ಚೀಲದಲ್ಲಿ ಬಂತು, ಯಾರಿಗೂ ಹೇಳದೆ.
ಹತ್ತು ಗೆರೆ ನೀರು. ಮೇಲೆ ತೊಂಬತ್ತು ಗೆರೆ ಪೆಟ್ರೋಲು.
ಬುಚ್ಚು ಒತ್ತಿ ಕುಲುಕಿ, ಕಲ್ಲಿನ ಮೇಲಿಟ್ಟು ಕಾದೆವು.
ನೀರು ತಳಕ್ಕಿಳಿದು ನಿಂತಿತು
ಇಪ್ಪತ್ತೆಂಟನೆಯ ಗೆರೆಗೆ.

ಹದಿನೆಂಟು ಗೆರೆ ಎಲ್ಲಿಂದ ಬಂತು?
ನೀರಲ್ಲ ಕಾಕಾ, ಸ್ಪಿರಿಟ್ಟು. ಪಂಪಿನಲ್ಲೇ ಬೆರೆತು ಬರ್ತದ,
ಐದಕ್ಕೆ ಒಂದು ಪಾಲು. ಅದಕ್ಕ ಗಾಳಿ ಕಮ್ಮಿ ಸಾಕು.
ನಿಮ್ಮ ಜೆಟ್ಟಿನ ತೂತು ಇದಕ್ಕ ಸಣ್ಣದು.
ಅವನು ನಳಿಗೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.
"ಕಬ್ಬಿಂದು?"
ಕಬ್ಬಿಂದು.
"ಹೋದ ವರ್ಷ ಕಾರಖಾನಿಗೆ ಕಳಿಸಿದ್ದೆ," ಎಂದು ನಕ್ಕ,
"ಕೇಳಲಾರದ ವಾಪಸ್ ಬಂತು ನೋಡು."

ಅಕ್ಕಸಾಲಿ ಮಾಣಿಕನ ಅಂಗಡಿಯ ಕೂದಲೆಳೆಯಷ್ಟು ಸಣ್ಣ ಡ್ರಿಲ್ಲು,
ಕಾಕಾನ ಎರಡು ಬೆರಳ ನಡುವೆ
ಮಧ್ಯಾಹ್ನವಿಡೀ ತಿರುಗಿತು.

ಸಂಜೆ ಚಾಲೂ ಮಾಡಿದ.
ಬದಿಗೆ ನಿಂತು, ಥ್ರಾಟಲ್ಲಿನ ಮೇಲೆ ಕೈಯಿಟ್ಟು, ನನ್ನ ಕಡೆ ಮುಖ.
ಬೇವಿನ ಎಲೆ ಉದುರಿ ಶೆಡ್ಡಿನ ತಗಡು ತುಂಬಿತು.
ಮೇಲೆ ಬೀದರಿನ ಕಡೆಗೆ ಏರ್‌ಫೋರ್ಸಿನ ವಿಮಾನವೊಂದು ಹೋಯಿತು,
ಅವನಿಗೆ ಕೇಳಿಸಲಿಲ್ಲ.
ಎಷ್ಟದ?
ಹತ್ತೂ ಬೆರಳು ಎತ್ತಿದೆ, ಆಮೇಲೆ ಮೂರು.
ನಂಬಲಿಲ್ಲ. ಮತ್ತೆ ಹತ್ತು, ಮತ್ತೆ ಮೂರು.
ಅವನ ಬೆನ್ನ ಹಿಂದೆ
ಬಾಲ ನೆಲ ಬಿಟ್ಟು ಒಂದು ಗೇಣು ಎದ್ದಿತ್ತು, ಹಗ್ಗ ಜಗ್ಗುತ್ತ.
ತೋರಿಸಲು ನನ್ನಲ್ಲಿ ಬೇರೆ ಕೈ ಇರಲಿಲ್ಲ.