ಒಂದು ಚಿಟಿಕೆ ಉಪ್ಪು

ಕಾಲಿಗೆ ಕೂತ ಸೊಳ್ಳೆಯನ್ನು ಹೊಡೆದು ಮೈಕೆನ್ ಕೇಳಿದಳು:
ಸತ್ತವರು ಎಲೆ ಅಡಿಕೆ ಮೆಲ್ಲುತ್ತಾರೆಂದು
ಈ ಅಜ್ಜ ನಂಬುತ್ತಾರೆಯೆ?
ಟೇಪು ತಿರುಗುತ್ತಿತ್ತು.
ಊರ ನಡುವಿನ ಗೋರಿಕಲ್ಲಿನ ಮೇಲೆ ಕೂತಿದ್ದೆವು ಮೂವರೂ.
ಕೆಳಗೆ ಆಮಾ ಲೇತೊನ ಅಪ್ಪ, ಅಪ್ಪನ ಅಪ್ಪ,
ಮೇಲೆ ಒಣಗಲು ಹರವಿದ ಮೆಕ್ಕೆಜೋಳ.

ಅವಳ ಇಂಡೊನೇಷ್ಯನ್ನಿನಲ್ಲಿ ಪ್ರಶ್ನೆ ನನ್ನ ಬಳಿ ಬಂತು
ಹೊಸ ಚಪ್ಪಲಿಯ ಹಾಗೆ ಕಿರುಗುಟ್ಟುತ್ತ.
ನನಗಾಗ ಹತ್ತೊಂಬತ್ತು. ದಿನಕ್ಕಿಷ್ಟು ಅಂತ ಕೂಲಿ.
ಅಲ್ಲಿಂದ ನಮ್ಮ ಮಾತಿಗೆ ದಾಟಿಸಬೇಕು ಅದನ್ನು.
ದಾಟಿಸಹೋದೆ, ನಡುಹೊಳೆಯಲ್ಲಿ ಕಾಲು ಜಾರಿತು.
ನಂಬುವುದು. ಆ ಪದ ನಮ್ಮಲ್ಲಿ ಎಲ್ಲಿಟ್ಟಿದೆ?
ಸಾಲ ಕೇಳಲು ಬಂದವನನ್ನು ನಂಬುವುದುಂಟು,
ಎಮ್ಮೆ ಮಾರಲು ಬಂದವನನ್ನು ನಂಬದಿರುವುದುಂಟು.
ಅಪ್ಪನನ್ನು ನಂಬುವುದೆಂದರೇನು? ಇದ್ದಾನೆಂದೆ?
ಇದ್ದಾನಲ್ಲ, ಅವನ ಮೇಲೆಯೇ ಕೂತಿದ್ದೀರಿ.

ಹೊತ್ತಾಯಿತು. ಕೈಗೆ ಸಿಕ್ಕಿದ್ದನ್ನು ಕೊಟ್ಟೆ:
"ಅವರಿಗೆ ಕೊಡುತ್ತೀಯಾ, ಅಜ್ಜ?"
ಆಮಾ ಲೇತೊ ಕೆಂಪಗೆ ಉಗಿದು ನಕ್ಕ.
"ನಾನಲ್ಲದೆ ಇನ್ಯಾರು, ಪಕ್ಕದೂರಿನವರು ಕೊಡುತ್ತಾರೇನು?"
ನಾನು ಹೇಳಿದೆ: ಹೌದಂತೆ.
ಅವಳು ಬರೆದಳು: ನಂಬುತ್ತಾರೆ.
ಅಡಿಗೆರೆ ಎಳೆದಳು, ಎರಡು.

ಹಾಗೇ ಒಂದು ಮಳೆ, ಒಂದು ಬೇಸಿಗೆ.
ಅಜ್ಜ ಕೋಳಿಯ ಕರುಳು ಓದುವಾಗ
ಬೇರೆಯವರ ಪತ್ರದೊಳಗೆ ಇಣುಕುವಂತೆ ಬಗ್ಗುತ್ತಿದ್ದಳು.
"ಕರುಳು ಸುಳ್ಳು ಹೇಳಿದರೆ?" "ಇನ್ನೊಂದು ಕೋಳಿ."
"ಅದೂ ಸುಳ್ಳಾದರೆ?" "ಕೇಳಿದ್ದು ಸರಿಯಿಲ್ಲ."
ಈ ಉತ್ತರವನ್ನು ಅವಳು ಬರೆದುಕೊಂಡ ನೆನಪಿಲ್ಲ ನನಗೆ.

ಕಚೇರಿಯ ಗುಮಾಸ್ತನೂ ಇದನ್ನೇ ಕೇಳುತ್ತಿದ್ದ, ಬೇರೆ ದನಿಯಲ್ಲಿ.
ಗುರುತಿನ ಚೀಟಿಯಲ್ಲಿ ಧರ್ಮ ಎಂಬಲ್ಲಿ
ಆಮಾ ಲೇತೊನಿಗೆ ಒಂದು ಅಡ್ಡಗೆರೆ.
ಉಗುರಿನಿಂದ ಅದನ್ನು ಸವರಿ ನೋಡಿ ಅಂದ:
"ಇರಲಿ ಬಿಡು. ಮಲಗಿದ ಮನುಷ್ಯನ ಹಾಗಿದೆ."

ಆಮೇಲೆ ಆ ಕಾಗದ ಬಂತು,
ಮಣ್ಣು ಮಾಡಿ ಐದು ವಾರವಾದ ಮೇಲೆ.
ಡೆನ್ಮಾರ್ಕಿನ ಯಾವುದೋ ರೈಲುದಾರಿಯಲ್ಲಿ
ಸಿಗ್ನಲ್ಲು ಕಾಯುತ್ತಿದ್ದ ಮುದುಕ, ಅವಳಪ್ಪ.
ಮೈಕೆನ್ ಅಳಲಿಲ್ಲ. ಏನನ್ನೂ ನಂಬುವವಳಲ್ಲ ಅವಳು,
ಯಾರೂ ಕೇಳದಿದ್ದರೂ ಮೊದಲ ವಾರವೇ ಹೇಳಿದ್ದಳು.

ರಾತ್ರಿ ನೀರಿಗೆಂದು ಎದ್ದೆ.
ಜಗಲಿಯಲ್ಲಿ ಎರಡು ಲೋಟ ಕಾಫಿ.
ಒಂದು ಅವಳ ಮುಂದೆ, ಖಾಲಿ.
ಇನ್ನೊಂದು ಎದುರಿಗೆ, ತುಂಬಿ, ತಣಿದು,
ಅದರಲ್ಲೊಂದು ದೀಪದ ಹುಳ.
ನನ್ನನ್ನು ಕಂಡವಳೇ ಚೆಲ್ಲಲು ಎದ್ದಳು.

ಕೇಳಬಹುದಿತ್ತು ನಾನು.
ಅವಳದೇ ಪ್ರಶ್ನೆ, ನನಗದು ಬಾಯಿಪಾಠ.
"ಎಷ್ಟು ಚಮಚ ಸಕ್ಕರೆ, ಅವರಿಗೆ?" ಅಂದೆ.

ಬಹಳ ಹೊತ್ತು ಸುಮ್ಮನಿದ್ದಳು. ದೂರದಲ್ಲೊಂದು ಕುದುರೆ ಸೀನಿತು.
"ಸಕ್ಕರೆ ಇಲ್ಲ. ಒಂದು ಚಿಟಿಕೆ ಉಪ್ಪು.
ಹಡಗಿನಲ್ಲಿದ್ದಾಗ ಕಲಿತದ್ದಂತೆ,
ಅಮ್ಮ ಬೈಯುತ್ತಿದ್ದಳು."
ಒಳಗಿನಿಂದ ತಂದೆ ಹಿಡಿಯಷ್ಟು ಕಲ್ಲುಪ್ಪು,
ನಮ್ಮ ಕಡಲಿನದು.
ಬೇಕಾದಷ್ಟು ಪುಡಿ ಮಾಡಿಕೊಂಡು
ಮಿಕ್ಕಿದ್ದನ್ನು ನನ್ನ ಅಂಗೈಗೇ ಬಿಟ್ಟಳು.
ಉಪ್ಪಿನ ಋಣ ಅನ್ನುತ್ತಾರೆ,
ಯಾರದು ಯಾರಿಗೆಂದು ಲೆಕ್ಕ ಹತ್ತಲಿಲ್ಲ.

ಏಳು ವರ್ಷಕ್ಕೆ ಪುಸ್ತಕ ಬಂತು,
ಬೆನ್ನ ಮೇಲೆ ಬಂಗಾರದ ಅಕ್ಷರದಲ್ಲಿ ಸುಂಬಾ.
ನೂರಾ ಹನ್ನೆರಡನೆಯ ಪುಟದಲ್ಲಿ
ಆಮಾ ಲೇತೊ ಇನ್ನೂ ನಂಬುತ್ತಿದ್ದಾನೆ.
ಅಜ್ಜ ಅಷ್ಟರಲ್ಲಿ ಕಲ್ಲಿನ ಕೆಳಗೆ.
ತಪ್ಪು ನನ್ನದು, ತಿದ್ದಿ ಬರೆಯಬೇಕೆಂದಿದ್ದೆ.
ಕಾಫಿಯ ಸಂಗತಿ ಅದರಲ್ಲೆಲ್ಲೂ ಇರಲಿಲ್ಲ,
ಅಲ್ಲಿಗಲ್ಲಿಗೆ ಸಮ ಅನ್ನಿಸಿ ಬಿಟ್ಟೆ.

ಕೊಯ್ಲು ಮುಗಿದ ದಿನ ಅಜ್ಜನಿಗೆ ಎಲೆ ಇಡುವಾಗ
ಪಕ್ಕದಲ್ಲೊಂದು ಲೋಟ ಇಡುತ್ತೇನೆ, ಸಿಗ್ನಲ್ಲಿನವನಿಗೆ.
ಮೊದಮೊದಲು ಕೈ ತಪ್ಪಿ
ಸಕ್ಕರೆ ಹಾಕಿಬಿಡುತ್ತಿದ್ದೆ.